ಶಬ್ದಕ್ಕೊಂದು ಮಸೂರ

ಬೆಳಕಿಗೆ ಗಾಜಿನ ಮಸೂರವಿರುವ ಹಾಗೆ ಶಬ್ದಕ್ಕೂ ಮಸೂರವಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿಯಂಥ ಊರುಗಳಲ್ಲಿ ಹೊಟ್ಟೆನೋವಿಗೋ ಬಸಿರಿಗೋ ಸ್ಕ್ಯಾನಿಂಗ್ ಮಾಡಿಸಿಕೊಂಡವರ ಮೈಮೇಲೆಲ್ಲ ಅದು ಹರಿದಾಡಿರುತ್ತದೆ. ಮೈಮೇಲೆ ಆಡಿಸುವ ಪ್ರೋಬಿನ ತುದಿಗೆ ಅಂಟಿಸಿದ ಬೂದುಬಣ್ಣದ ಮೆತ್ತನೆಯ ಸಿಲಿಕೋನ್ ರಬ್ಬರೇ ಆ ಮಸೂರ. ರೈಲು ಹಳಿಯ ಒಳಬಿರುಕು ಹುಡುಕುವ ಸಾಧನದಲ್ಲಿ ಶಬ್ದದ ದಿಕ್ಕು ತಿರುಗಿಸಲು ಇಟ್ಟ ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ತುಂಡು ಅದರ ದಾಯಾದಿ. ಕಿಡ್ನಿಯ ಹರಳನ್ನು ಮೈ ಕೊಯ್ಯದೆ ಪುಡಿಮಾಡುವ ಕೆಲವು ಯಂತ್ರಗಳಲ್ಲಿ ಅಂಗೈಗಿಂತ ಅಗಲವಾದ ಪ್ಲಾಸ್ಟಿಕ್ ಮಸೂರ ಕುಳಿತಿರುತ್ತದೆ. ಇನ್ನು ಕಳೆದ ಹತ್ತು ವರ್ಷಗಳಲ್ಲಿ ಬಂದದ್ದು ಮೂರು ಆಯಾಮದ ಮುದ್ರಣಯಂತ್ರದಲ್ಲಿ ತಯಾರಾಗುವ, ನೋಡಲು ಒಡ್ಡೊಡ್ಡಾದ ಬಿಲ್ಲೆ. ಅದರ ಮೂಲಕ ಹಾಯಿಸಿದ ಅಲ್ಟ್ರಾಸೌಂಡು ನೀರಿನೊಳಗೆ ಬೇಕಾದ ಚಿತ್ರದ ಆಕಾರ ತಾಳುತ್ತದೆ. ನಾಲ್ಕೂ ಕಡೆ ನಡೆಯುವ ಕೆಲಸ ಒಂದೇ: ಶಬ್ದದ ಒಂದು ಭಾಗವನ್ನು ತುಸು ಮುಂದೆ ಬಿಡುವುದು, ಇನ್ನೊಂದು ಭಾಗವನ್ನು ತುಸು ತಡೆಯುವುದು.

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ, ಮನುಷ್ಯನ ಕಿವಿಗೆ ನಿಲುಕದ ಶಬ್ದವೇ ಅಲ್ಟ್ರಾಸೌಂಡ್. ವೈದ್ಯಕೀಯದಲ್ಲಿ ಬಳಸುವುದು ಇದಕ್ಕಿಂತ ಎಷ್ಟೋ ಮೇಲಿನದು, ಸೆಕೆಂಡಿಗೆ ಹತ್ತು ಲಕ್ಷದಿಂದ ಒಂದೂವರೆ ಕೋಟಿ ಕಂಪನಗಳವರೆಗೆ, ಅಂದರೆ 1ರಿಂದ 15 ಮೆಗಾಹರ್ಟ್ಸ್. ಅದನ್ನು ಹುಟ್ಟಿಸುವುದು ಪೀಜೋ ಗುಣವುಳ್ಳ ಪಿಂಗಾಣಿ ಬಿಲ್ಲೆ. ವಿದ್ಯುತ್ತು ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತದೆ, ಒತ್ತಿದರೆ ವಿದ್ಯುತ್ತು ಕೊಡುತ್ತದೆ. ಚಪ್ಪಟೆ ಬಿಲ್ಲೆಯಿಂದ ಹೊರಟ ಶಬ್ದ ಮೊದಲಷ್ಟು ದೂರ ಕಂಬದಂತೆ ನೇರವಾಗಿ ಸಾಗಿ ಆಮೇಲೆ ಹರಡಿಕೊಳ್ಳುತ್ತದೆ. ನೇರವಾಗಿ ಸಾಗುವ ಆ ದೂರಕ್ಕೆ ಸಮೀಪ ಕ್ಷೇತ್ರ ಎಂದು ಹೆಸರು. ಬಿಲ್ಲೆಯ ವ್ಯಾಸದ ವರ್ಗವನ್ನು ತರಂಗದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಅದರ ಉದ್ದ ಸಿಗುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹಾಗಾಗಿ 1 ಮೆಗಾಹರ್ಟ್ಸ್ ಶಬ್ದದ ತರಂಗದೂರ 1.5 ಮಿ.ಮೀ. ಬಿಲ್ಲೆ 20 ಮಿ.ಮೀ. ಅಗಲವಿದ್ದರೆ ಸಮೀಪ ಕ್ಷೇತ್ರ 67 ಮಿ.ಮೀ., 50 ಮಿ.ಮೀ. ಇದ್ದರೆ 417 ಮಿ.ಮೀ. ಈ ಲೆಕ್ಕವನ್ನು ಮರೆತರೆ ಮಸೂರದ ವಿಷಯದಲ್ಲಿ ಎಡವುವುದು ಖಂಡಿತ, ಏಕೆಂದರೆ ಮಸೂರ ಶಬ್ದವನ್ನು ಒಂದೆಡೆ ಕೂಡಿಸಬಲ್ಲದ್ದು ಸಮೀಪ ಕ್ಷೇತ್ರದ ಒಳಗೆ ಮಾತ್ರ. ಅದರಾಚೆಗೆ ಎಂಥ ಮಸೂರ ಇಟ್ಟರೂ ಶಬ್ದ ಹರಡಿಯೇ ತೀರುತ್ತದೆ.

ಕೂಡಿಸುವುದು ಎಂದರೇನು? ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಜನ ಮಳಖೇಡದ ಕೋಟೆಯ ಬಾಗಿಲಲ್ಲಿ ಸರಿಯಾಗಿ ಹನ್ನೆರಡು ಗಂಟೆಗೆ ಒಟ್ಟಿಗೆ ಸೇರಬೇಕೆಂದರೆ, ಎಲ್ಲರೂ ಒಂದೇ ವೇಗದಲ್ಲಿ ನಡೆಯುವವರಾದರೆ, ದೂರದವರು ಬೇಗ ಹೊರಡಬೇಕು, ಹತ್ತಿರದವರು ತಡೆದು ಹೊರಡಬೇಕು. ಶಬ್ದದ್ದೂ ಇದೇ ಲೆಕ್ಕ. 50 ಮಿ.ಮೀ. ಅಗಲದ ಬಿಲ್ಲೆಯ ಮುಂದೆ 90 ಮಿ.ಮೀ. ದೂರದಲ್ಲಿ ಒಂದು ಬಿಂದುವನ್ನು ಆರಿಸಿಕೊಂಡರೆ, ನಡುವಿನಿಂದ ಅಲ್ಲಿಗೆ 90 ಮಿ.ಮೀ., ಅಂಚಿನಿಂದ 93.4 ಮಿ.ಮೀ. ಹೆಚ್ಚಿನ 3.4 ಮಿ.ಮೀ. ದಾಟಲು ನೀರಿನಲ್ಲಿ ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಎರಡೂಕಾಲು ಪಟ್ಟು, ಅಂದರೆ ಸುಮಾರು 2.3 ಮೈಕ್ರೊಸೆಕೆಂಡ್. ಅಷ್ಟರಲ್ಲಿ 1 ಮೆಗಾಹರ್ಟ್ಸ್ ಶಬ್ದ ಎರಡು ಬಾರಿಗಿಂತ ಹೆಚ್ಚು ಏರಿ ಇಳಿದಿರುತ್ತದೆ. ಅಂಚಿನ ಏರು ನಡುವಿನ ಇಳಿವಿನ ಮೇಲೆ ಬಿದ್ದರೆ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಏರಿನ ಮೇಲೆ ಏರು ಬೀಳುವಂತೆ ಕಾಲವನ್ನು ಹೊಂದಿಸಿದರೆ ಆ ಬಿಂದುವಿನಲ್ಲಿ ಒತ್ತಡ ಹತ್ತು ಪಟ್ಟಿಗೂ ಮೇಲೇರುತ್ತದೆ.

ಹೊಂದಿಸುವುದಕ್ಕೆ ಎರಡು ದಾರಿಗಳಿವೆ. ಬಿಲ್ಲೆಯನ್ನು ನೂರಾರು ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಹೊತ್ತಿಗೆ ವಿದ್ಯುತ್ತು ಕೊಡುವುದು ಒಂದು. ಇದು ಶಬ್ದ ಕೂಡುವ ಸಂಗಮಬಿಂದುವನ್ನು ಬೇಕೆಂದಾಗ ಸರಿಸಬಲ್ಲ ದಾರಿ, ಆದರೆ ದುಬಾರಿ. ಬಿಲ್ಲೆಯ ಮುಂದೆ, ಶಬ್ದ ನೀರಿಗಿಂತ ಬೇರೆ ವೇಗದಲ್ಲಿ ಓಡುವ ವಸ್ತುವನ್ನು ಜಾಗದಿಂದ ಜಾಗಕ್ಕೆ ಬೇರೆ ಬೇರೆ ದಪ್ಪದಲ್ಲಿ ಇಡುವುದು ಇನ್ನೊಂದು ದಾರಿ. ಅದೇ ಮಸೂರ.

ಶಾಲೆಯ ಪಾಠ ಓದಿದವರಿಗೆ ಇಲ್ಲಿ ಒಂದು ಗೊಂದಲ ಕಾದಿರುತ್ತದೆ. ಬೆಳಕು ಗಾಜಿನಲ್ಲಿ ನಿಧಾನವಾಗುವುದರಿಂದ ಅದನ್ನು ಕೂಡಿಸಲು ನಡುವೆ ಉಬ್ಬಿದ ಪೀನ ಮಸೂರ ಬೇಕು. ಶಬ್ದ ಗಟ್ಟಿ ವಸ್ತುಗಳಲ್ಲಿ ಹೆಚ್ಚು ಕಡಿಮೆ ಯಾವಾಗಲೂ ನೀರಿಗಿಂತ ಜೋರಾಗಿ ಓಡುತ್ತದೆ: ಪಾಲಿಸ್ಟೈರೀನಿನಲ್ಲಿ ಸೆಕೆಂಡಿಗೆ 2,350 ಮೀಟರ್, ಪರ್ಸ್ಪೆಕ್ಸಿನಲ್ಲಿ 2,700, ಉಕ್ಕಿನಲ್ಲಿ 5,900, ನೀಲಮಣಿಯಲ್ಲಿ 11,000ಕ್ಕೂ ಮೇಲೆ. ಶಹಾಬಾದಿನ ಫರ್ಸಿಯಂಥ ಗಟ್ಟಿ ಸುಣ್ಣಕಲ್ಲಿನಲ್ಲೂ ನೀರಿನ ವೇಗದ ಎರಡು ಮೂರು ಪಟ್ಟು ಇರುತ್ತದೆ. ಹೀಗಾಗಿ ದಪ್ಪ ಇದ್ದಲ್ಲಿ ಶಬ್ದ ಮುಂದೆ ಹೋಗುತ್ತದೆ. ಬೇಗ ಹೊರಡಬೇಕಾದದ್ದು ಅಂಚಿನದಾದ್ದರಿಂದ ಅಂಚು ದಪ್ಪ, ನಡು ತೆಳು. ಬೆಳಕನ್ನು ಚದುರಿಸುವ ನಿಮ್ನ ಮಸೂರವೇ ಇಲ್ಲಿ ಶಬ್ದವನ್ನು ಕೂಡಿಸುತ್ತದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ 40 ಮಿ.ಮೀ. ತ್ರಿಜ್ಯದಲ್ಲಿ ಒಳಕ್ಕೆ ತಗ್ಗಿದ ಪರ್ಸ್ಪೆಕ್ಸ್ ಮಸೂರದ ಸಂಗಮದೂರ ಸುಮಾರು 90 ಮಿ.ಮೀ. ಮೇಲಿನ ಬಿಲ್ಲೆಯ ಮುಂದಿಟ್ಟ, ಗೋಳಾಕಾರವಾಗಿ ಕೊರೆದ ಇಂಥ ಮಸೂರದ ಅಂಚಿನಿಂದ ಬಂದ ಶಬ್ದ ನಡುವಿನದಕ್ಕಿಂತ ಒಂದು ಕಂಪನದ ಹತ್ತನೇ ಒಂದು ಭಾಗದಷ್ಟು ಬೇಗ ಮುಟ್ಟುತ್ತದೆ. ಅಷ್ಟು ತಪ್ಪನ್ನು ಯಾರೂ ಎಣಿಸುವುದಿಲ್ಲ. ಇದಕ್ಕಿಂತ ಆಳವಾಗಿ ಕೊರೆಯುವುದಾದರೆ ಗೋಳ ಸಾಲದು, ದೀರ್ಘವೃತ್ತದ ವಕ್ರ ಬೇಕು.

ಶಬ್ದ ನಿಧಾನವಾಗುವ ವಸ್ತು ಸಿಕ್ಕರೆ ಪೀನ ಮಸೂರವೇ ನಡೆಯುತ್ತದೆ. ದಾಖಲೆಯಲ್ಲಿರುವ ಹಳೆಯ ಶಬ್ದಮಸೂರ ಅಂಥದ್ದು. 1852ರಲ್ಲಿ ಜರ್ಮನಿಯ ಕಾರ್ಲ್ ಸೋಂಡ್‌ಹೌಸ್ ಕಲೋಡಿಯನ್ ಪೊರೆಯ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಗಾಳಿಯ ಶಬ್ದವನ್ನು ಒಂದೆಡೆ ಕೂಡಿಸಿ ತೋರಿಸಿದ. ಆ ಅನಿಲದಲ್ಲಿ ಶಬ್ದದ ವೇಗ ಗಾಳಿಯ ವೇಗದ ಮುಕ್ಕಾಲು ಭಾಗ ಮಾತ್ರ.

ಸ್ಕ್ಯಾನಿಂಗ್ ಪ್ರೋಬಿನ ಸಿಲಿಕೋನ್ ರಬ್ಬರಿನಲ್ಲೂ ಶಬ್ದ ನಿಧಾನ, ಸೆಕೆಂಡಿಗೆ ಸುಮಾರು 1,000 ಮೀಟರ್. ಮೈಯ ಮಾಂಸದಲ್ಲಿ ಅದು 1,540 ಎಂದು ಸ್ಕ್ಯಾನಿಂಗ್ ಯಂತ್ರಗಳು ಸಾಮಾನ್ಯವಾಗಿ ಹಿಡಿದು ಲೆಕ್ಕ ಹಾಕುತ್ತವೆ. ಹಾಗಾಗಿ ಈ ಮಸೂರ ಹೊರಕ್ಕೆ ಉಬ್ಬಿರುತ್ತದೆ. ರೋಗಿಯ ಮೈಗೆ ಒತ್ತಿ ಹಿಡಿಯಲು ಉಬ್ಬೇ ಅನುಕೂಲ. ತಗ್ಗಿದ್ದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತಿತ್ತು. ಉಬ್ಬು ಎಷ್ಟು? ಹೊಟ್ಟೆ ನೋಡುವ 3.5 ಮೆಗಾಹರ್ಟ್ಸ್ ಪ್ರೋಬಿನಲ್ಲಿ ಸಂಗಮ ಆರೂವರೆ ಸೆಂ.ಮೀ. ಆಳದಲ್ಲಿ ಇರಬೇಕು, ಪ್ರೋಬಿನ ಅಡ್ಡಗಲ 13 ಮಿ.ಮೀ. ಎಂದುಕೊಂಡರೆ, ವಕ್ರದ ತ್ರಿಜ್ಯ 35 ಮಿ.ಮೀ., ಉಬ್ಬು ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಅದು ಮಸೂರವೆಂದು ಹೊಳೆಯದಿರಲು ಇದೇ ಕಾರಣ.

ಈ ಪ್ರೋಬುಗಳಲ್ಲಿ ಮೇಲೆ ಹೇಳಿದ ಎರಡು ದಾರಿಗಳೂ ಒಟ್ಟಿಗೆ ಇವೆ. ಪ್ರೋಬಿನ ಉದ್ದಕ್ಕೆ ನೂರಿಪ್ಪತ್ತೆಂಟೋ ಇನ್ನೂ ಹೆಚ್ಚೋ ಸಣ್ಣ ತುಂಡುಗಳು ಸಾಲಾಗಿ ಕುಳಿತಿರುತ್ತವೆ. ಆ ದಿಕ್ಕಿನಲ್ಲಿ ಶಬ್ದವನ್ನು ಕೂಡಿಸುವುದು ವಿದ್ಯುನ್ಮಾನದ ಕೆಲಸ, ಯಂತ್ರದ ಗುಂಡಿ ಒತ್ತಿ ಆಳ ಬದಲಿಸಬಹುದು. ಅಡ್ಡಗಲದ ದಿಕ್ಕಿನಲ್ಲಿ ತುಂಡು ಒಂದೇ. ಅಲ್ಲಿ ಇರುವುದು ರಬ್ಬರ್ ಮಸೂರ, ಅದರ ಆಳ ಕಾರ್ಖಾನೆಯಲ್ಲಿ ನಿಗದಿಯಾದದ್ದು. ತೆರೆಯ ಮೇಲೆ ಕಾಣುವ ಚಿತ್ರ ಕಾಗದದಷ್ಟು ತೆಳುವಾದ ಸೀಳು ಎಂದು ನೋಡುವವರು ಭಾವಿಸುತ್ತಾರೆ. ನಿಜಕ್ಕೂ ಅದಕ್ಕೆ ದಪ್ಪವಿದೆ. ಮೇಲಿನ ಉದಾಹರಣೆಯಲ್ಲಿ ಸಂಗಮದ ಹತ್ತಿರ ಎರಡು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅದರ ಮೇಲೆ ಕೆಳಗೆ ಇನ್ನೂ ಹೆಚ್ಚು. ನೀರು ತುಂಬಿದ ಚಿಕ್ಕ ಗುಳ್ಳೆಯೊಂದು ಸಂಗಮದಿಂದ ದೂರದಲ್ಲಿದ್ದರೆ ಅಕ್ಕಪಕ್ಕದ ಮಾಂಸದ ಪ್ರತಿಧ್ವನಿಯೂ ಅದರೊಳಗೆ ಬೆರೆತು ಗಟ್ಟಿ ಗಂಟಿನಂತೆ ತೋರಬಹುದು. ಅನುಭವವುಳ್ಳ ವೈದ್ಯರು ಪ್ರೋಬನ್ನು ತಿರುಗಿಸಿ ಇನ್ನೊಂದು ಕೋನದಿಂದ ನೋಡುವುದು ಇದಕ್ಕಾಗಿ. ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ 1994ರ ಕಾಯ್ದೆಯಂತೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಎಲ್ಲ ಕಡೆ ಇರುತ್ತದೆ. ಯಂತ್ರದ ಚಿತ್ರಕ್ಕೂ ದಪ್ಪವಿದೆ ಎಂದು ರೋಗಿಗೆ ತಿಳಿಸುವ ಫಲಕ ಎಲ್ಲೂ ಇಲ್ಲ.

ಹೊಟ್ಟೆಗೆ ಹಚ್ಚುವ ತಣ್ಣನೆಯ ಜೆಲ್ಲಿನ ಕಾರಣವೂ ಮಸೂರದ ವಿಚಾರಕ್ಕೆ ಸೇರಿದ್ದೇ. ವಸ್ತುವಿನ ಸಾಂದ್ರತೆಯನ್ನು ಅದರಲ್ಲಿನ ಶಬ್ದವೇಗದಿಂದ ಗುಣಿಸಿದರೆ ಬರುವ ಸಂಖ್ಯೆ ಎರಡು ವಸ್ತುಗಳಲ್ಲಿ ಹತ್ತಿರ ಹತ್ತಿರ ಇದ್ದರೆ ಶಬ್ದ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ, ಬಹಳ ದೂರವಿದ್ದರೆ ಹಿಂದಕ್ಕೆ ಪುಟಿಯುತ್ತದೆ. ನೀರಿನಿಂದ ಮೂರು ಆಯಾಮದ ಮುದ್ರಣದ ಸಾಮಾನ್ಯ ಪ್ಲಾಸ್ಟಿಕ್ಕಿಗೆ ಶೇ. 90ರಷ್ಟು ಶಕ್ತಿ ದಾಟುತ್ತದೆ, ಉಕ್ಕಿಗೆ ಶೇ. 12ರಷ್ಟು. ಗಾಳಿಗಂತೂ ಸಾವಿರದಲ್ಲಿ ಒಂದು ಪಾಲು ದಾಟಿದರೆ ಹೆಚ್ಚು. ಕೂದಲೆಳೆಯಷ್ಟು ಗಾಳಿ ಉಳಿದರೂ ಸ್ಕ್ಯಾನಿಂಗ್ ನಡೆಯದು. ಶಬ್ದವನ್ನು ಬಹಳ ಜೋರಾಗಿ ಓಡಿಸುವ ಉಕ್ಕು ಮಸೂರಕ್ಕೆ ಒಗ್ಗದೆ, ಅಷ್ಟೇನೂ ಜೋರಿಲ್ಲದ ಪ್ಲಾಸ್ಟಿಕ್ಕುಗಳು ಒಗ್ಗಿದ್ದೂ ಇದರಿಂದಲೇ.

ಇನ್ನು ಹಳಿಯ ಕಡೆಗೆ. ಹೈದರಾಬಾದಿನ ನಿಜಾಮರ ರೈಲು 1874ರಲ್ಲಿ ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ, ಸೇಡಂ ಹಾದು ಪೂರ್ವಕ್ಕೆ ಸಾಗಿತು. ಶಹಾಬಾದ್ ಮುಂಬಯಿ-ಮದ್ರಾಸ್ ದಾರಿಯ ಮೇಲಿದೆ. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಸಿಮೆಂಟು ಹೊತ್ತ ಭಾರದ ಗಾಡಿಗಳು ಹಗಲಿರುಳು ಉರುಳುವ ಈ ಹಳಿಗಳ ತಲೆಯೊಳಗೆ ಹುಟ್ಟುವ ಅಡ್ಡಬಿರುಕು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಹುಡುಕಲು ರೈಲ್ವೆಯ ಸಿಬ್ಬಂದಿ ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಟ್ರಾಲಿಯಲ್ಲಿ ಅಲ್ಟ್ರಾಸೌಂಡ್ ಪ್ರೋಬುಗಳಿರುತ್ತವೆ. ಜೆಲ್ಲಿನ ಬದಲು ನೀರು ತೊಟ್ಟಿಕ್ಕುತ್ತಿರುತ್ತದೆ. ಒಂದು ಪ್ರೋಬು ನೇರವಾಗಿ ಕೆಳಕ್ಕೆ ನೋಡುತ್ತದೆ, ಇನ್ನು ಕೆಲವು 70 ಡಿಗ್ರಿ ಓರೆಯಾಗಿ ಹಳಿಯ ತಲೆಯ ಅಡ್ಡಬಿರುಕನ್ನು ಹುಡುಕುತ್ತವೆ, ಬೋಲ್ಟಿನ ತೂತಿನ ಸುತ್ತ ಸೀಳು ಹುಡುಕಲು 37 ಡಿಗ್ರಿಯವೂ ಇವೆ.

ಓರೆಯಾಗಿ ನೋಡಲು ಪ್ರೋಬನ್ನೇ ಓರೆ ಮಾಡಿದರೆ ಸಾಲದು, ಹಳಿಗೂ ಬಿಲ್ಲೆಗೂ ನಡುವೆ ಒಂದು ಬೆಣೆ ಬೇಕು. ಅದು ಪರ್ಸ್ಪೆಕ್ಸಿನದು. ಪರ್ಸ್ಪೆಕ್ಸಿನಲ್ಲಿ ಸುಮಾರು 52 ಡಿಗ್ರಿ ಓರೆಯಾಗಿ ಬಂದ ಶಬ್ದ ಉಕ್ಕಿನೊಳಗೆ ಹೊಕ್ಕೊಡನೆ 70 ಡಿಗ್ರಿಗೆ ಬಾಗುತ್ತದೆ. ಬಾಗುವುದರ ಜೊತೆಗೆ ಜಾತಿಯೂ ಬದಲಾಗುತ್ತದೆ: ಒತ್ತಿ ಹಿಗ್ಗುವ ಅಲೆ ಅಡ್ಡಕ್ಕೆ ತುಯ್ಯುವ ಅಲೆಯಾಗುತ್ತದೆ. ಉಕ್ಕಿನಲ್ಲಿ ಈ ಎರಡನೆಯ ಅಲೆಯ ವೇಗ ಸುಮಾರು 3,240 ಮೀಟರ್. ಬೆಣೆಯ ಕೋನ ಸುಮಾರು 28 ಡಿಗ್ರಿ ದಾಟಿದರೆ ಮೊದಲ ಬಗೆಯ ಅಲೆ ಉಕ್ಕಿನೊಳಗೆ ಹೋಗುವುದೇ ಇಲ್ಲ, ಹೀಗಾಗಿ ಎರಡು ಪ್ರತಿಧ್ವನಿಗಳು ಬೆರೆಯುವ ತೊಂದರೆಯಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಸಮನಾಗಿ ಏರುವ ತಡವನ್ನು ಕೊಡುವ ಈ ಬೆಣೆ, ಮಸೂರದ ಅತ್ಯಂತ ಸರಳ ರೂಪ. ಬೆಣೆಯ ಮೇಲ್ಮೈಗೇ ವಕ್ರ ಕೊಟ್ಟರೆ ಬಾಗುವುದೂ ಕೂಡುವುದೂ ಒಟ್ಟಿಗೆ ಆಗುತ್ತದೆ. ಸಿಮೆಂಟ್ ಕಾರ್ಖಾನೆಗಳ ಗೂಡನ್ನು ಹೊತ್ತ ರೋಲರುಗಳ ಶಾಫ್ಟು, ಬಾಯ್ಲರಿನ ಕೊಳವೆಗಳಂಥ ದುಂಡನೆಯ ಉಕ್ಕಿನ ವಸ್ತುಗಳನ್ನು ಪರೀಕ್ಷಿಸುವಾಗ ಬೆಣೆಯ ತಳವನ್ನು ಅವುಗಳ ದುಂಡಿಗೆ ಒಪ್ಪುವಂತೆ ಉಜ್ಜಿ ಕೂರಿಸುವ ಪದ್ಧತಿಯಿದೆ.

ಬೇಸಿಗೆಯಲ್ಲಿ ಈ ಬೆಣೆ ಸ್ವಲ್ಪ ಸುಳ್ಳು ಹೇಳುತ್ತದೆ. ಬಿಸಿಯಾದಂತೆ ಪರ್ಸ್ಪೆಕ್ಸಿನಲ್ಲಿ ಶಬ್ದದ ವೇಗ ಉಕ್ಕಿನಲ್ಲಿ ಇಳಿಯುವುದಕ್ಕಿಂತ ಬೇಗ ಇಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸಿನಲ್ಲಿ 70 ಡಿಗ್ರಿ ಎಂದು ಅಳೆದ ಕೋನ, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಎರಡು ಮೂರು ಡಿಗ್ರಿ ಹೆಚ್ಚಬಹುದು. ಬಿಸಿಲಿಗೆ ಕಾದ ಹಳಿ ಗಾಳಿಗಿಂತಲೂ ಬಿಸಿ. ಕೆಲಸ ಶುರುಮಾಡುವ ಮುನ್ನ ಅಳತೆಯ ಉಕ್ಕಿನ ತುಂಡಿನ ಮೇಲೆ ಪ್ರೋಬನ್ನು ಸರಿಹೊಂದಿಸುವ ನಿಯಮವಿರುವುದು ಸುಮ್ಮನೆ ಅಲ್ಲ.

ಸಿಮೆಂಟಿನ ನಾಡಿನಲ್ಲಿ ಮಸೂರ ಸೋಲುವ ಒಂದು ಜಾಗವಿದೆ, ಅದು ಸಿಮೆಂಟೇ. ಕಾಂಕ್ರೀಟಿನ ಗುಣಮಟ್ಟ ನೋಡಲು ಅದರ ಮೂಲಕ ಅಲ್ಟ್ರಾಸೌಂಡು ಹಾಯಿಸಿ ವೇಗ ಅಳೆಯುತ್ತಾರೆ. 1992ರ ಭಾರತೀಯ ಮಾನಕ 13311ರ ಮೊದಲ ಭಾಗ ಸೆಕೆಂಡಿಗೆ 4.5 ಕಿ.ಮೀ.ಗಿಂತ ಹೆಚ್ಚು ವೇಗವಿದ್ದರೆ ಕಾಂಕ್ರೀಟು ಅತ್ಯುತ್ತಮ, 3.5ರಿಂದ 4.5ರವರೆಗೆ ಒಳ್ಳೆಯದು, 3ಕ್ಕಿಂತ ಕೆಳಗಿದ್ದರೆ ಸಂಶಯಾಸ್ಪದ ಎಂದು ವಿಂಗಡಿಸಿತ್ತು. ಇಲ್ಲಿ ಬಳಸುವ ಆವೃತ್ತಿ ಸಾಮಾನ್ಯವಾಗಿ 54 ಕಿಲೋಹರ್ಟ್ಸ್. ಮೆಗಾಹರ್ಟ್ಸ್ ಬಳಸಿದರೆ ಕಾಂಕ್ರೀಟಿನೊಳಗಿನ ಖಡಿಯ ಪ್ರತಿ ಹರಳೂ ಶಬ್ದವನ್ನು ಚದುರಿಸಿ ಏನೂ ಆಚೆಗೆ ಬರುವುದಿಲ್ಲ. ಆದರೆ 54 ಕಿಲೋಹರ್ಟ್ಸಿನಲ್ಲಿ, 4,000 ಮೀಟರ್ ವೇಗಕ್ಕೆ, ತರಂಗದೂರ 74 ಮಿ.ಮೀ. ಪ್ರೋಬಿನ ಅಗಲ 50 ಮಿ.ಮೀ. ಅಲೆಯೇ ಪ್ರೋಬಿಗಿಂತ ಉದ್ದ! ಸಮೀಪ ಕ್ಷೇತ್ರ 8 ಮಿ.ಮೀ. ಇಂಥ ಕಡೆ ಮಸೂರ ಇಟ್ಟರೂ ಒಂದೇ ಬಿಟ್ಟರೂ ಒಂದೇ. ಮಸೂರದ ಅಗಲ ತರಂಗದೂರದ ಹತ್ತಾರು ಪಟ್ಟು ಇದ್ದಾಗಲೇ ಅದಕ್ಕೆ ಬೆಲೆ.

ಕಿಡ್ನಿಯ ಹರಳಿನ ಕತೆಯಲ್ಲಿ ಮಸೂರದ ಆಕಾರವೇ ಚರ್ಚೆಯ ವಸ್ತುವಾಯಿತು. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಚೌಸಿ ಮತ್ತು ಜೊತೆಗಾರರು ಆಘಾತದ ಅಲೆಯಿಂದ ಮೊದಲ ರೋಗಿಯ ಹರಳನ್ನು ಒಡೆದರು. ಡಾರ್ನಿಯರ್ ಸಂಸ್ಥೆಯ ಆ ಯಂತ್ರದಲ್ಲಿ ಮಸೂರವಿರಲಿಲ್ಲ. ದೀರ್ಘವೃತ್ತದ ಆಕಾರದ ಲೋಹದ ಬಟ್ಟಲಿನ ಒಂದು ನಾಭಿಯಲ್ಲಿ ಕಿಡಿ ಹಾರಿಸಿದರೆ ಅಲೆಗಳು ಗೋಡೆಗೆ ಪುಟಿದು ಇನ್ನೊಂದು ನಾಭಿಯಲ್ಲಿ, ಅಂದರೆ ಹರಳಿನ ಮೇಲೆ, ಕೂಡುತ್ತಿದ್ದವು. ರೋಗಿ ನೀರಿನ ತೊಟ್ಟಿಯಲ್ಲಿ ಮಲಗಬೇಕಿತ್ತು. ಮುಂದೆ ಬಂದ ವಿದ್ಯುತ್ಕಾಂತ ಯಂತ್ರಗಳು ತೊಟ್ಟಿಯನ್ನು ತೆಗೆದುಹಾಕಿದವು. ಚಪ್ಪಟೆ ಸುರುಳಿಯ ಮುಂದಿನ ಲೋಹದ ಹಾಳೆ ಫಟ್ಟನೆ ಹಾರಿ ನೀರಿನಲ್ಲಿ ಚಪ್ಪಟೆಯ ಒತ್ತಡದ ಅಲೆ ಎಬ್ಬಿಸುತ್ತದೆ, ಅದರ ಮುಂದಿನ ನಿಮ್ನ ಪ್ಲಾಸ್ಟಿಕ್ ಮಸೂರ ಅದನ್ನು ಕೂಡಿಸುತ್ತದೆ.

ಮಸೂರ ಎಷ್ಟು ಚೂಪಾಗಿ ಕೂಡಿಸಿದರೆ ಅಷ್ಟು ಒಳ್ಳೆಯದು ಎಂದು ಯಂತ್ರ ಮಾಡುವವರು ನಂಬಿದರು. ಸಂಗಮ ಕಿರಿದಾಯಿತು, ಒತ್ತಡ ಏರಿತು. ಆದರೆ ವೈದ್ಯರ ಅನುಭವದಲ್ಲಿ ಹೊಸ ಯಂತ್ರಗಳು ಹಳೆಯ ಡಾರ್ನಿಯರಿನಷ್ಟು ಚೆನ್ನಾಗಿ ಹರಳು ಒಡೆಯಲಿಲ್ಲ. ಕಾರಣ ಹುಡುಕಿದಾಗ ಕಂಡದ್ದು ಸರಳ. ರೋಗಿ ಉಸಿರಾಡುತ್ತಾನೆ, ಉಸಿರಿನೊಂದಿಗೆ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದೆ, ಹರಳು ಆ ಕಿರಿದಾದ ಸಂಗಮದಿಂದ ಪದೇ ಪದೇ ಆಚೆ ಹೋಗುತ್ತದೆ. ಅಲ್ಲದೆ ಒತ್ತಡದ ಅಲೆಯ ಹಿಂದೆ ಬರುವ ಎಳೆತ ನೀರಿನಲ್ಲಿ ಗುಳ್ಳೆ ಎಬ್ಬಿಸಿ, ಆ ಗುಳ್ಳೆಗಳು ಮುಂದಿನ ಅಲೆಗೆ ಅಡ್ಡವಾಗುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪೇ ಝಾಂಗ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪರಿಹಾರ ಅಚ್ಚರಿ ಹುಟ್ಟಿಸುವಷ್ಟು ಅಗ್ಗದ್ದು: ಯಂತ್ರವನ್ನು ಮುಟ್ಟದೆ ಮಸೂರದ ಮೇಲೆ ಉಂಗುರದಂಥ ಒಂದು ತೋಡು ಕೊರೆದದ್ದು. ತೋಡಿನ ಮೂಲಕ ಬಂದ ಶಬ್ದ ಉಳಿದದ್ದಕ್ಕಿಂತ ಹಿಂದೆ ಬೀಳುತ್ತದೆ. ಆ ತಡ ಎಷ್ಟಿರಬೇಕೆಂದು ಲೆಕ್ಕ ಹಾಕಿದ್ದರಿಂದ ಅಲೆಯ ಎರಡನೆಯ ಬೇಡದ ಏರು ಅಳಿಸಿಹೋಯಿತು, ಸಂಗಮ ಅಗಲವಾಯಿತು, ಹರಳು ಹೆಚ್ಚು ಒಡೆಯಿತು. ಮಸೂರವನ್ನು ಕೆಡಿಸಿ ಸುಧಾರಿಸಿದ ಈ ಕೆಲಸ, ಮಸೂರವೆಂದರೆ ಚೂಪು ಎಂಬ ಹಟವನ್ನು ಬಿಡಿಸಿತು. ಆಕಾರ ಕೊಡುವುದು ಕೂಡಿಸುವುದಕ್ಕಿಂತ ದೊಡ್ಡ ವಿಷಯ.

ಅಲ್ಲಿಂದ ಮುಂದಿನ ಹೆಜ್ಜೆಯಾದ ಮುದ್ರಿತ ಮಸೂರಕ್ಕೆ ಬೇಕಾದ ಭೌತವಿಜ್ಞಾನ ಬೆಂಗಳೂರಿನಲ್ಲಿ 1930ರ ದಶಕದಲ್ಲೇ, ಬೇರೊಂದು ಪ್ರಶ್ನೆಗೆ ಉತ್ತರವಾಗಿ ಬರೆಯಲ್ಪಟ್ಟಿತ್ತು. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್, ಅಲ್ಟ್ರಾಸೌಂಡು ಹರಿಯುತ್ತಿರುವ ದ್ರವದ ಮೂಲಕ ಬೆಳಕು ಹಾಯಿಸಿದರೆ ಅದು ಹಲವು ಕಿರಣಗಳಾಗಿ ಒಡೆಯುವುದನ್ನು ಕಂಡಿದ್ದರು. ಅದು ಹೇಗೆ ಎಂಬುದನ್ನು ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರ ಐದು ಭಾಗಗಳ ಲೇಖನಮಾಲೆಯಲ್ಲಿ ಬಿಡಿಸಿಟ್ಟರು. ಶಬ್ದದ ಒತ್ತಡ ಹೆಚ್ಚಿದ ಜಾಗದಲ್ಲಿ ಬೆಳಕು ತುಸು ತಡವಾಗುತ್ತದೆ, ಕಡಿಮೆಯಾದ ಜಾಗದಲ್ಲಿ ತುಸು ಮುಂದಾಗುತ್ತದೆ. ಬೆಳಕಿನ ಪ್ರಖರತೆ ಎಲ್ಲೂ ಕುಂದುವುದಿಲ್ಲ. ನೇರವಾಗಿ ಹೊಕ್ಕ ಚಪ್ಪಟೆ ಅಲೆಮುಖ ಏರುತಗ್ಗುಗಳಿಂದ ತುಂಬಿ ಹೊರಬರುತ್ತದೆ, ಆ ಏರುತಗ್ಗೇ ಮುಂದೆ ಹಲವು ಕಿರಣಗಳಾಗಿ ಅರಳುತ್ತದೆ. ಏನನ್ನೂ ಮುಚ್ಚದೆ, ಬರೀ ತಡಮಾಡಿಯೇ ಇಡೀ ಚಿತ್ರವನ್ನು ಬದಲಿಸಬಹುದು ಎಂಬುದು ಈ ಸಿದ್ಧಾಂತದ ತಿರುಳು. ಅಲ್ಲಿ ಶಬ್ದ ಬೆಳಕಿಗೆ ಮಾಡಿದ್ದನ್ನು ಇಂದು ಮುದ್ರಿಸಿದ ಪ್ಲಾಸ್ಟಿಕ್ ಬಿಲ್ಲೆ ಶಬ್ದಕ್ಕೆ ಮಾಡುತ್ತದೆ. ಸಾಲದ್ದಕ್ಕೆ, ಮಸೂರದಿಂದ ಹೊರಟ ಶಬ್ದದ ಆಕಾರವನ್ನು ಕಣ್ಣಿಗೆ ಕಾಣಿಸಲು ಪ್ರಯೋಗಾಲಯಗಳು ನೀರಿನ ಮೂಲಕ ಬೆಳಕು ಹಾಯಿಸುವಾಗ ನೆಚ್ಚಿಕೊಳ್ಳುವುದೂ ಇದೇ ಪರಿಣಾಮವನ್ನು.

ತಡವನ್ನು ಪೂರ್ತಿ ಕೊಡಬೇಕಿಲ್ಲ ಎಂಬುದು ಮುದ್ರಿತ ಮಸೂರದ ಗುಟ್ಟು. ಒಂದೇ ಆವೃತ್ತಿಯ ನಿರಂತರ ಶಬ್ದದಲ್ಲಿ ಒಂದು ಏರಿಗೂ ಮುಂದಿನ ಏರಿಗೂ ವ್ಯತ್ಯಾಸವಿಲ್ಲ. ಒಂದು ಪೂರ್ತಿ ಕಂಪನದಷ್ಟು ತಡವಾದದ್ದು ತಡವೇ ಆಗದಿದ್ದುದಕ್ಕೆ ಸಮ. ಆದ್ದರಿಂದ ಒಂದು ಕಂಪನಕ್ಕಿಂತ ಹೆಚ್ಚಿನ ದಪ್ಪವನ್ನು ಕತ್ತರಿಸಿ ತೆಗೆಯಬಹುದು. ಮುದ್ರಣದ ಪ್ಲಾಸ್ಟಿಕ್ಕಿನಲ್ಲಿ ಶಬ್ದದ ವೇಗ ಸುಮಾರು 2,400 ಮೀಟರ್. 2 ಮೆಗಾಹರ್ಟ್ಸ್ ಶಬ್ದಕ್ಕೆ ನೀರಿನ ಹೋಲಿಕೆಯಲ್ಲಿ ಒಂದು ಪೂರ್ತಿ ಕಂಪನದ ವ್ಯತ್ಯಾಸ ತರಲು 2 ಮಿ.ಮೀ. ದಪ್ಪ ಸಾಕು. ಎಂಥ ಸಂಕೀರ್ಣ ಆಕಾರವಾದರೂ ಅದರ ಗುಟ್ಟೆಲ್ಲ ಈ 2 ಮಿ.ಮೀ. ಏರುತಗ್ಗಿನಲ್ಲಿ ಅಡಗುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೈ ಮೆಲ್ಡೆ, ಪೇರ್ ಫಿಷರ್ ಮತ್ತು ಸಂಗಡಿಗರು 2016ರಲ್ಲಿ ಇಂಥ ಬಿಲ್ಲೆಯಿಂದ ನೀರಿನೊಳಗೆ ಶಬ್ದದ ಚಿತ್ರಗಳನ್ನು ಮೂಡಿಸಿ, ಸಣ್ಣ ಕಣಗಳನ್ನು ಪಾರಿವಾಳದ ಆಕಾರದಲ್ಲಿ ಕೂಡಿಸಿ ತೋರಿಸಿದರು. ಒಂದು ಅಗ್ಗದ ಬಿಲ್ಲೆ, ಒಂದೇ ಒಂದು ಪೀಜೋ ತುಂಡು. ಆಗ ಮಾರುಕಟ್ಟೆಯಲ್ಲಿದ್ದ ಬಹುತುಂಡಿನ ಸಾಧನಗಳಿಗಿಂತ ನೂರು ಪಟ್ಟು ಸೂಕ್ಷ್ಮವಾಗಿ ಅದು ಶಬ್ದಕ್ಕೆ ಆಕಾರ ಕೊಟ್ಟಿತು. 2023ರಲ್ಲಿ ಇದೇ ಬಳಗ ಹಲವು ಬಿಲ್ಲೆಗಳನ್ನು ಸುತ್ತ ಇಟ್ಟು, ಕಣಗಳನ್ನೂ ಜೀವಕೋಶಗಳನ್ನೂ ಒಂದೇ ಏಟಿಗೆ ಮೂರು ಆಯಾಮದ ಆಕಾರದಲ್ಲಿ ಜೋಡಿಸಿತು.

ಬೇಕಾದ ಚಿತ್ರದಿಂದ ಬಿಲ್ಲೆಯ ದಪ್ಪವನ್ನು ಕಂಡುಹಿಡಿಯುವುದು ಹಿಂದುಮುಂದಾಗಿ ನಡೆಯುವ ಲೆಕ್ಕ. ಗಣಕಯಂತ್ರ ಮೊದಲು ಚಿತ್ರವಿರಬೇಕಾದ ಜಾಗದಿಂದ ಶಬ್ದವನ್ನು ಹಿಂದಕ್ಕೆ ಬಿಲ್ಲೆಯವರೆಗೆ ಓಡಿಸುತ್ತದೆ. ಅಲ್ಲಿ ಸಿಕ್ಕ ಶಬ್ದಕ್ಕೆ ಏರಿಳಿತದ ಗಾತ್ರವೂ ಇರುತ್ತದೆ, ತಡವೂ ಇರುತ್ತದೆ. ಬಿಲ್ಲೆ ಕೊಡಬಲ್ಲದ್ದು ತಡ ಮಾತ್ರವಾದ್ದರಿಂದ ಗಾತ್ರವನ್ನು ಬಿಟ್ಟು ತಡವನ್ನು ಇಟ್ಟುಕೊಂಡು ಮತ್ತೆ ಮುಂದಕ್ಕೆ ಓಡಿಸುತ್ತದೆ. ಚಿತ್ರ ಸ್ವಲ್ಪ ಕೆಟ್ಟಿರುತ್ತದೆ. ಕೆಟ್ಟದ್ದನ್ನು ತಿದ್ದಿ ಮತ್ತೆ ಹಿಂದಕ್ಕೆ. ಹೀಗೆ ಹತ್ತಾರು ಬಾರಿ ಓಡಾಡಿದ ಮೇಲೆ ಎರಡು ತುದಿಗಳೂ ಒಪ್ಪುವ ಒಂದು ತಡದ ನಕ್ಷೆ ನಿಲ್ಲುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿ ಗೆರ್ಚ್‌ಬರ್ಗ್ ಮತ್ತು ಸ್ಯಾಕ್ಸ್ಟನ್ 1972ರಲ್ಲಿ ರೂಪಿಸಿದ ವಿಧಾನವಿದು.

ಈ ಮಸೂರಗಳಿಂದ ಹೆಚ್ಚಿನ ಉಪಯೋಗ ಕಾಣುವುದು ತಲೆಬುರುಡೆಯ ವಿಷಯದಲ್ಲಿ. ಕೈ ನಡುಕದಂಥ ಕಾಯಿಲೆಗೆ ಮಿದುಳಿನೊಳಗಿನ ಒಂದು ಚುಕ್ಕೆಯನ್ನು ಹೊರಗಿನಿಂದ ಬಿಸಿಮಾಡಿ ಗುಣಪಡಿಸುವ ಚಿಕಿತ್ಸೆ ಈಗಾಗಲೇ ಇದೆ. ಆದರೆ ಬುರುಡೆಯ ಎಲುಬು ದಪ್ಪದಲ್ಲಿ ಒಂದೇ ಸಮನಿಲ್ಲ, ಅದರಲ್ಲಿ ಶಬ್ದ ನೀರಿಗಿಂತ ಎಷ್ಟೋ ಜೋರು. ಅಂದರೆ ಬುರುಡೆಯೇ ಒಂದು ಕೆಟ್ಟ ಮಸೂರ. ಅದರ ಕೆಡಕನ್ನು ತಿದ್ದಲು ಈಗಿನ ಯಂತ್ರಗಳಲ್ಲಿ 1,024 ತುಂಡುಗಳ ಶಿರಸ್ತ್ರಾಣವಿರುತ್ತದೆ, ಬೆಲೆ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಎಟಕುವಂಥದು. 2018ರಲ್ಲಿ ಪ್ಯಾರಿಸ್ಸಿನ, 2019ರಲ್ಲಿ ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು ತೋರಿಸಿದ ಬೇರೆ ದಾರಿ ಹೀಗೆ: ರೋಗಿಯ ತಲೆಯ ಸಿಟಿ ಸ್ಕ್ಯಾನ್ ತೆಗೆದು, ಮುಟ್ಟಬೇಕಾದ ಚುಕ್ಕೆಯಿಂದ ಶಬ್ದ ಹೊರಗೆ ಬಂದರೆ ಬುರುಡೆ ಅದನ್ನು ಹೇಗೆ ಕೆಡಿಸುತ್ತದೆ ಎಂದು ಲೆಕ್ಕ ಹಾಕಿ, ಆ ಕೆಡಕಿಗೆ ಸರಿಯಾಗಿ ಎದುರಾದ ತಡವನ್ನು ಕೊಡುವ ಮಸೂರವನ್ನು ಮುದ್ರಿಸುವುದು. ಬುರುಡೆ ದಾಟಿದ ಮೇಲೆ ಎರಡು ಕೆಡಕುಗಳೂ ಒಂದನ್ನೊಂದು ಅಳಿಸಿ ಶಬ್ದ ಚುಕ್ಕೆಯಲ್ಲಿ ಕೂಡುತ್ತದೆ. ವೆಲೆನ್ಸಿಯಾದವರು ಚುಕ್ಕೆಗಷ್ಟೇ ನಿಲ್ಲದೆ, ಮಿದುಳಿನ ಒಂದು ಭಾಗದ ಆಕಾರವನ್ನೇ ಹೋಲುವಂತೆ ಶಬ್ದವನ್ನು ಹರಡಿದರು. ಮಹಾನಗರಗಳಿಂದ ದೂರವಿರುವ ಜಿಲ್ಲೆಗಳಿಗೆ ಒಂದು ತುಂಡಿನ ಪ್ರೋಬು ಮತ್ತು ಮುದ್ರಿತ ಮಸೂರದ ಜೋಡಿ, ಸಾವಿರ ತುಂಡಿನ ಶಿರಸ್ತ್ರಾಣಕ್ಕಿಂತ ಕೈಗೆಟಕುವ ಸಾಧನ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅದು ಪ್ರಯೋಗಾಲಯದ ಹೊಸ್ತಿಲು ದಾಟಿ ದಿನನಿತ್ಯದ ಚಿಕಿತ್ಸೆಯಾಗಲು ಇನ್ನೂ ಪರೀಕ್ಷೆಗಳು ಬೇಕು.

ಮುದ್ರಿತ ಮಸೂರಕ್ಕೆ ಮಿತಿಗಳೂ ಇವೆ. ಒಂದು ಬಿಲ್ಲೆಗೆ ಒಂದೇ ಚಿತ್ರ. ಬೇರೆ ಆಕಾರ ಬೇಕಾದರೆ ಬೇರೆ ಬಿಲ್ಲೆ. ಒಂದು ಕಂಪನಕ್ಕಿಂತ ಹೆಚ್ಚಿನ ದಪ್ಪವನ್ನು ಕತ್ತರಿಸಿ ತೆಗೆದದ್ದರಿಂದ ಅದು ಲೆಕ್ಕ ಹಾಕಿದ ಆವೃತ್ತಿಗೇ ಕಟ್ಟುಬೀಳುತ್ತದೆ, ಹರಳು ಒಡೆಯುವಂಥ ಗಿಡ್ಡ ಏಟುಗಳಿಗೆ ಹಳೆಯ ನುಣುಪು ಮಸೂರವೇ ಮೇಲು. ಪ್ಲಾಸ್ಟಿಕ್ಕು ಶಬ್ದದ ಒಂದು ಪಾಲನ್ನು ತಾನೇ ಹೀರಿ ಬಿಸಿಯಾಗುತ್ತದೆ. ಬಿಸಿಯಾದಂತೆ ಅದರಲ್ಲಿನ ವೇಗ ಇಳಿದು, ಹಳಿಯ ಪರ್ಸ್ಪೆಕ್ಸ್ ಬೆಣೆಯಲ್ಲಿ ಕೋನ ತಪ್ಪಿದ ಹಾಗೆ, ಇಲ್ಲಿ ಸಂಗಮ ತಪ್ಪುತ್ತದೆ. ಬಿಲ್ಲೆ ಮತ್ತು ಪೀಜೋ ತುಂಡಿನ ನಡುವೆ ಶಬ್ದ ಪುಟಿದಾಡಿ ಬೇಡದ ಚುಕ್ಕೆಗಳನ್ನು ಮೂಡಿಸುವುದೂ ಉಂಟು. ಆದ್ದರಿಂದ ಲೆಕ್ಕ ಎಷ್ಟೇ ಸರಿಯಿದ್ದರೂ ತಯಾರಾದ ಪ್ರತಿ ಮಸೂರವನ್ನೂ ನೀರಿನ ತೊಟ್ಟಿಯಲ್ಲಿ ಇಳಿಸಿ, ಅರ್ಧ ಮಿ.ಮೀ.ಗಿಂತ ಕಿರಿದಾದ ತುದಿಯ ನೀರಿನ ಮೈಕ್ರೊಫೋನನ್ನು ಸಾಲು ಸಾಲಾಗಿ ಸರಿಸುತ್ತ ಒತ್ತಡವನ್ನು ಬಿಂದು ಬಿಂದುವಿಗೂ ಅಳೆಯುತ್ತಾರೆ. ತೊಟ್ಟಿಯ ನೀರನ್ನು ಮೊದಲೇ ಗಾಳಿ ತೆಗೆದು ಇಟ್ಟಿರಬೇಕು, ಉಷ್ಣಾಂಶವನ್ನು ಬರೆದುಕೊಳ್ಳಬೇಕು. ಅಳೆದ ಚಿತ್ರ ಬೇಕಾದ ಚಿತ್ರಕ್ಕೆ ಹೊಂದದಿದ್ದರೆ ತಡದ ನಕ್ಷೆಯನ್ನು ತಿದ್ದಿ ಬಿಲ್ಲೆಯನ್ನು ಮತ್ತೆ ಮುದ್ರಿಸುತ್ತಾರೆ.